ಗೂಡಿನಿಂದ ಹೋದ ವಿಮಾನ

ಚಿಕ್ಕನಿಂಗಮ್ಮ ಹರದನಹಳ್ಳಿಯಿಂದ ಎರಡು ಬಸ್ಸು ಹತ್ತಿ ಗುಂಡ್ಲುಪೇಟೆಗೆ ಬಂದು, ಮರಿಮಲ್ಲಪ್ಪನವರ ಜಗಲಿಯ ಮೇಲೆ ಕೂತು, ತನ್ನ ಮನೆಯಿಂದ ಒಂದು ವಿಮಾನ ಕಳುವಾಗಿದೆ ಎಂದಳು. ಅವಳ ಮುಖ ನೋಡಿ ನನಗೆ ನಗು ಬರಲಿಲ್ಲ. ಮರಿಮಲ್ಲಪ್ಪನವರು ಪೊಲೀಸ್ ದಫೇದಾರಿಕೆಯಿಂದ ನಿವೃತ್ತರಾಗಿದ್ದರೂ ಸುತ್ತಿನವರು ಸ್ಟೇಷನ್ನಿಗೆ ಹೇಳಲಾಗದ್ದನ್ನು ಅವರ ಹತ್ತಿರ ತರುತ್ತಿದ್ದರು. ಎಲ್ಲಿಗೆ ಹೋದರೂ ಜೊತೆಗೆ ನಾನು. ಅದು ತೊಂಬತ್ತಾರನೇ ಇಸವಿ, ಮಹಾಲಯ ಅಮಾವಾಸ್ಯೆ ಕಳೆದ ಮರುವಾರ.

ವಿಮಾನ ಮರದ್ದು, ಮೊಳದುದ್ದ. ಅವಳ ಕಿರಿಮಗ ಶಂಕರ್ ಆಫ್ರಿಕಾದಲ್ಲಿ ಸಣ್ಣದೊಂದು ವಿಮಾನ ಕಂಪನಿಯ ಮೆಕ್ಯಾನಿಕ್. ರಜೆಗೆ ಬಂದಾಗ, ತಾನು ರಿಪೇರಿ ಮಾಡುವುದು ಇಂಥದ್ದನ್ನು ಎಂದು ಹಾಲೆ ಮರದಲ್ಲಿ ಕೆತ್ತಿಕೊಟ್ಟಿದ್ದ. ಆ ನಿಜವಾದ ವಿಮಾನದ ಚರಿತ್ರೆ ತಾಯಿಗೆ ಬಾಯಿಪಾಠ. ನಕ್ಷೆ ಅಮೆರಿಕದವರದು, ಕಟ್ಟಿದವರು ಫ್ರಾನ್ಸಿನವರು. ಎಂಬತ್ಮೂರರಲ್ಲಿ ಮೊದಲು ಹಾರಿತು. ಸೀಟು ಹಾಕಿದರೆ ಬಸ್ಸು, ಬಿಚ್ಚಿದರೆ ಲಾರಿ, ರೋಗಿಯನ್ನು ಮಲಗಿಸಿದರೆ ಆಂಬುಲೆನ್ಸು. ಸಮುದ್ರ ಕಾಯುವುದಕ್ಕೂ ಅದನ್ನೇ ಕಳಿಸುತ್ತಿದ್ದರು. ಇಷ್ಟು ದುಡಿದರೂ ಅದನ್ನು ಕೇಳಿ ಕೊಂಡವರು ಕಮ್ಮಿ, ಹೆಚ್ಚು ಕಟ್ಟಲಿಲ್ಲ.

“ಎಲ್ಡು ಇಂಜಿನ್ ಯಾಕಂದ್ರೆ, ಒಂದು ನಿಂತೋದ್ರೂ ಇನ್ನೊಂದು ಮನೆ ಸೇರುಸ್ತದಂತೆ,” ಎಂದಳು. “ನನ್ ಮಗನ್ನೇ ಎತ್ಕೊಂಡೋದಂಗಾಗದೆ ಕಣಣ್ಣ. ಹುಡುಕ್ಕೊಡಿ.”

ಮಾರನೆಯ ದಿನ ಅವಳ ಮನೆಗೆ ಹೋದೆವು. ವಿಮಾನವಿದ್ದ ಗೋಡೆಯ ಗೂಡಿನಲ್ಲಿ ರೇಡಿಯೋ ಹಾಗೇ ಇತ್ತು, ಹಿತ್ತಾಳೆಯ ದೀಪವೂ ಇತ್ತು. ಅಮಾವಾಸ್ಯೆಯ ದಿನ, ತೀರಿಕೊಂಡ ಯಜಮಾನನಿಗೆ ಎಡೆ ಇಟ್ಟ ಗಲಾಟೆಯಲ್ಲಿ ವಿಮಾನ ಕಾಣೆಯಾಗಿತ್ತು. ಹೊರಗಿನವರು ಯಾರೂ ಬಂದಿರಲಿಲ್ಲ. ಹಿರಿಮಗ ಮಾದಣ್ಣನ ಹೆಂಡತಿ ಭಾನು ನಮ್ಮನ್ನು ಕಂಡೊಡನೆ ಸೆರಗು ಸಿಕ್ಕಿಸಿದಳು.

“ದಿನಾ ಅದ್ರ ರೆಕ್ಕೆ ಒರೆಸಿ ಒರೆಸಿ ಬೇಜಾರಾಗಿತ್ತು, ನಿಜ. ಅಂಗಂತ ಒಲೆಗೆ ಹಾಕ್ಬುಟ್ನಾ ನಾನು?”

ಮಾದಣ್ಣ ಹಂದಿ ಕಾಟವೆಂದು ಅಮಾವಾಸ್ಯೆಯಿಂದ ಹೊಲದ ಪಂಪ್‌ಸೆಟ್ ಮನೆಯ ಹತ್ತಿರವೇ ಮಲಗುತ್ತಿದ್ದನಂತೆ. ಶಂಕರ್ ಯಾವಾಗ ಫೋನ್ ಮಾಡಿದ್ದ ಎಂದು ಮರಿಮಲ್ಲಪ್ಪನವರು ಕೇಳಿದರು. ಅವನ ಫೋನು ಬರುತ್ತಿದ್ದದ್ದು ಚಾಮರಾಜನಗರದಲ್ಲಿ ಗೆಳೆಯ ರಿಯಾಜ್‌ನ ಎಸ್‌ಟಿಡಿ ಬೂತಿಗೆ. ಎರಡು ತಿಂಗಳಿಂದ ಲೈನು ಸರಿಯಿಲ್ಲವೆಂದು ರಿಯಾಜ್ ಹೇಳುತ್ತಿದ್ದನಂತೆ.

ಬೂತಿಗೆ ಹೋದಾಗ ಒಬ್ಬ ಹೆಂಗಸು ದುಬೈಯಲ್ಲಿದ್ದ ಗಂಡನಿಗೆ ಬೈಯುತ್ತಾ ನಗುತ್ತಾ ಮಾತಾಡುತ್ತಿದ್ದಳು. ಆಫ್ರಿಕಾದ ಲೈನೇ ಬೇರೆ ಎಂದ ರಿಯಾಜ್.

“ಇರ್ಲಿ. ಶಂಕರ್ ನಂಬರಿಗೆ ಒಂದ್ಸಲ ಹಾಕು, ನೋಡನ,” ಎಂದರು ಮರಿಮಲ್ಲಪ್ಪನವರು.

ರಿಯಾಜ್ ಫೋನಿನ ಮೇಲೆ ಕೈ ಇಟ್ಟ. ಎತ್ತಲಿಲ್ಲ.

ಅಲ್ಲಿಂದ ಮಾದಣ್ಣನ ಹೊಲಕ್ಕೆ ಬಂದೆವು. ಪಂಪ್‌ಸೆಟ್ ಮನೆಗೆ ಬೀಗ. ಬಾಗಿಲ ಕೆಳಗೆ ಕೆಂಪಿರುವೆಗಳ ಸಾಲು ಒಳಕ್ಕೆ ಹೋಗುತ್ತಿತ್ತು. ಮರಿಮಲ್ಲಪ್ಪನವರು ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡಿದರು. ಎದ್ದಾಗ ಮುಖ ಇಳಿದುಹೋಗಿತ್ತು. “ಇದನ್ನ ಕಂಡುಹಿಡೀಬಾರದಾಗಿತ್ತು ಚಿಕ್ಕಯ್ಯ,” ಎಂದು ನನಗೆ ಹೇಳಿದರು.

ಸಂಜೆ ಎಲ್ಲರನ್ನೂ ಚಿಕ್ಕನಿಂಗಮ್ಮನ ಜಗಲಿಗೆ ಕರೆದರು. ರಿಯಾಜ್ ಕಂಬಕ್ಕೆ ಒರಗಿ ನಿಂತ.

“ರೇಡಿಯೋ, ದೀಪ ಬಿಟ್ಟು ಮರದ್ದನ್ನ ಒಯ್ದವನಿಗೆ ಬೇಕಾಗಿದ್ದದ್ದು ಶಂಕರ್‌ನ ಕೈಗೆಲಸ,” ಎಂದು ಮರಿಮಲ್ಲಪ್ಪನವರು ನಿಧಾನವಾಗಿ ಶುರುಮಾಡಿದರು. “ಭಾನುಗೆ ಅದರ ಮೇಲೆ ಬೇಜಾರಿದ್ದರೆ ಯಾವತ್ತೋ ಒಂದಿನ ಕೈಜಾರಿ ಬೀಳಿಸ್ತಿದ್ದಳು, ಅಮಾವಾಸ್ಯೆಗೆ ಕಾಯ್ತಿರಲಿಲ್ಲ. ದುಬೈಗೆ ಸಿಗೋ ಲೈನು ಸರಿಯಾಗೇ ಅದೆ. ಆದರೂ ರಿಯಾಜ್ ಫೋನ್ ಎತ್ತಲಿಲ್ಲ, ಯಾಕಂದರೆ ಆ ಕಡೆ ಎತ್ತೋರಿಲ್ಲ ಅಂತ ಅವನಿಗೆ ಗೊತ್ತು. ಮೋಟಾರು, ಗ್ರೀಸು ಇರೋ ಮನೆಗೆ ಇರುವೆ ಹೋಗಬೇಕಾದರೆ ಒಳಗೆ ಬೆಲ್ಲದ್ದೇನೋ ಇರಬೇಕು. ಅಮಾವಾಸ್ಯೆ ದಿನ ಕಜ್ಜಾಯ ಹೋಗೋದು ಎಡೆಗೆ. ಎಡೆ ಇಡೋದು...”

ಬದುಕಿರುವವರಿಗೆ ಯಾರೂ ಎಡೆ ಇಡುವುದಿಲ್ಲ.

ಮಾದಣ್ಣ ಎದ್ದು ಹೊಲಕ್ಕೆ ಹೋಗಿ, ಹೊಸ ಟವೆಲಿನಲ್ಲಿ ಸುತ್ತಿದ್ದ ವಿಮಾನವನ್ನು ತಂದು ತಾಯಿಯ ಮುಂದೆ ಇಟ್ಟ. ಮೂತಿಯ ಮೇಲೆ ವಿಭೂತಿಯ ಮೂರು ಗೆರೆ.

“ಜ್ವರ ಕಣವ್ವ. ಅಲ್ಲೇ ಮಣ್ಣು ಮಾಡುದ್ರಂತೆ. ನಿನ್ ಎದೆ ಒಡ್ದೋಯ್ತದೆ ಅಂತ ನಾನೂ ರಿಯಾಜೂ ಮುಚ್ಚಿಟ್ಟೊ. ಎಡೆಗಿಟ್ಟಿದ್ನ ಬದುಕಿರೋರ ಗೂಡಿಗೆ ಹೆಂಗೆ ವಾಪಸ್ ಇಡ್ಲಿ?”

ಚಿಕ್ಕನಿಂಗಮ್ಮ ಅಳಲಿಲ್ಲ.

“ನನ್ಗೊತ್ತಿತ್ತು,” ಎಂದಳು. “ಎಡೆಗೆ ನಾನೇ ಎಲೆ ಕುಯ್ದು ತಂದಿಟ್ಟಿದ್ದೆ. ಆಮೇಲೆ ನೋಡುದ್ರೆ ಒಂದೆಲೆ ಕಮ್ಮಿ ಇತ್ತು. ನೀನು ನನ್ ಮುಖ ನೋಡ್ದೆ ಹೊಲಕ್ಕೆ ಹೋದೆ. ಬಾಯಿಬಿಟ್ಟು ಯಾರೂ ಹೇಳ್ನಿಲ್ಲ. ಹೇಳ್ದೆ ಹೆಂಗ್ಲಾ ಅಳ್ಲಿ ನಾನು? ಅದ್ಕೇ ಈ ಅಣ್ಣನ ತಾವ್ಕೆ ಹೋದೆ.”



ಅವಳು ರಿಯಾಜ್‌ನ ಕಡೆ ತಿರುಗಿದಳು. “ಆಸ್ಪತ್ರೆಗೆ ಇಂಥದ್ರಲ್ಲೇ ಮಲಗುಸ್ಕೊಂಡು ಹೋದ್ರಾ ಮಗ?”

“ಹ್ಞೂಂ ಅಮ್ಮ. ಅವನೇ ರಿಪೇರಿ ಮಾಡಿದ್ದರಲ್ಲಿ. ದಾರೀಲೇ...”

ಅವಳು ಒಂದು ಇಂಜಿನ್ನಿನ ಮರದ ಫ್ಯಾನನ್ನು ಬೆರಳಿನಿಂದ ತಿರುಗಿಸಿದಳು. ಅದು ನಿಂತ ಮೇಲೆ ಮಾದಣ್ಣನ ತಲೆಯನ್ನು ಎಳೆದು ಮಡಿಲಿಗೆ ಹಾಕಿಕೊಂಡಳು.

“ಕಜ್ಜಾಯ ಇಟ್ಟಿದ್ಯಲ್ಲೋ ಅವನ್ಗೆ. ಅವ್ನು ಸಿಹಿ ಮುಟ್ತಿರ್ನಿಲ್ಲ ಕಣ್ಲಾ. ಭಾನು, ಎಸರಿಡಮ್ಮಿ. ಅವನ್ಗೆ ಮುದ್ದೆ, ಉಪ್ಪೆಸರು ಮಾಡನ.”

ಆಮೇಲೆ ಅತ್ತಳು.