ಬಾಗಿದ ಬೆಂಕಿರೇಖೆ

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಹೋಟೆಲ್ ಕಂಪನಿಯ ಎಂಜಿನಿಯರು ಠಾಣೆಗೆ ಬಂದರು. ಅಂಗಿ ತುಂಬ ಹೊಗೆಯ ವಾಸನೆ. ಪಕ್ಷಿಧಾಮದ ಜೌಗಿನ ಅಂಚಿನಲ್ಲಿ, ಮಣ್ಣು ಪರೀಕ್ಷೆಗೆಂದು ನಿಲ್ಲಿಸಿದ್ದ ಕೊರೆಯುವ ಯಂತ್ರಕ್ಕೆ ಯಾರೋ ಬೆಂಕಿ ಇಟ್ಟಿದ್ದರು. ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗಿದ್ದ ಕಾವಲುಗಾರ ಅರೆಬೆಂದು ಆಸ್ಪತ್ರೆ ಸೇರಿದ್ದ.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಇನ್‌ಸ್ಪೆಕ್ಟರ್ ಕೇಳಿದಳು.

"ಅನುಮಾನ ಯಾಕೆ ಮೇಡಂ, ಗೊತ್ತೇ ಇದೆಯಲ್ಲ. ಹೋರಾಟ ಸಮಿತಿ ಮೇಷ್ಟ್ರು. ಯಂತ್ರ ಒಳಗೆ ಬಂದ್ರೆ ಹಾಗೇ ವಾಪಸ್ ಹೋಗಲ್ಲ ಅಂತ ತುಂಬಿದ ಸಭೇಲಿ ಹೇಳಿದ್ರು."

ಎಫ್‌ಐಆರ್ ದಾಖಲಾಯಿತು. ಜೌಗನ್ನು ತುಂಬಿಸಿ ಐನೂರು ಕೋಣೆಗಳ ಹೋಟೆಲು, ಅದಕ್ಕೊಂದು ದೋಣಿಕಟ್ಟೆ, ಅಗಲ ರಸ್ತೆ ಮಾಡುವ ಯೋಜನೆಗೆ ಆಗಲೇ ಊರು ಎರಡು ಹೋಳಾಗಿತ್ತು. ಕೆಲಸ ಸಿಗುತ್ತದೆ ಎನ್ನುವವರು ಒಂದು ಕಡೆ, ಹಕ್ಕಿ ಹೋದರೆ ನೀರೂ ಹೋಗುತ್ತದೆ ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರ ಬೈಗುಳ ಮಾತ್ರ ತಪ್ಪದೆ ಠಾಣೆಗೇ ಬರುತ್ತಿತ್ತು.

ಸ್ಥಳ ಪಂಚನಾಮೆಗೆ ಸಬ್ ಇನ್‌ಸ್ಪೆಕ್ಟರ್ ಟೇಪು ಹಿಡಿದು ಜೊತೆಗೆ ಬಂದರು. ಪೇದೆಯಾಗಿ ಸೇರಿ ಮೇಲೆ ಬಂದ ಹಿರಿಯರು; ಸುಟ್ಟ ಡೀಸೆಲ್ಲಿನ ನಾತಕ್ಕೂ ಮುಖ ಸಿಂಡರಿಸುವವರಲ್ಲ. ಯಂತ್ರ ಕರಿ ಅಸ್ಥಿಪಂಜರವಾಗಿತ್ತು. ಸುತ್ತ ಹುಲ್ಲೂ ಸುಟ್ಟಿತ್ತು. ಆದರೆ ಬೆಂಕಿ ಜೊಂಡಿನ ಕಡೆ ಒಂದು ಹೆಜ್ಜೆಯೂ ದಾಟಿರಲಿಲ್ಲ.

"ಮೇಡಂ, ಇಲ್ಲಿ ಯಾರೋ ಹುಲ್ಲು ಕಿತ್ತಿದ್ದಾರೆ. ಹಸುವಿಗೆ ಇರಬೇಕು."

ಅವಳು ಹೋಗಿ ನೋಡಿದಳು. ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ, ಒಂದಾಳುದ್ದ ಅಗಲಕ್ಕೆ ಹುಲ್ಲು ಕಿತ್ತು ನೆಲ ಬರಿದು ಮಾಡಿದ್ದರು. ಕಿತ್ತದ್ದನ್ನು ಹಸುವಿಗೆ ಒಯ್ದಿರಲಿಲ್ಲ, ಬೆಂಕಿ ಬರುವ ಕಡೆಗೇ ಎಳೆದು ಹಾಕಿದ್ದರು. ನೇರವಾಗಿ ಸಾಗಿದ್ದ ಆ ಪಟ್ಟಿ ಒಂದೇ ಒಂದು ಕಡೆ ಯಂತ್ರದತ್ತ ಬಾಗಿ, ಮತ್ತೆ ನೇರವಾಗಿತ್ತು. ಬಾಗಿದ ಕಡೆ, ಉಳಿದ ಹಸಿರು ಹುಲ್ಲಿನ ಬುಡದಲ್ಲಿ ನಾಲ್ಕು ಮೊಟ್ಟೆಗಳಿದ್ದ ಗೂಡು. ಹಕ್ಕಿ ಅವರ ತಲೆ ಮೇಲೆ ಸುತ್ತುತ್ತ ಕಿರುಚುತ್ತಿತ್ತು.

ಇದು ಬೆಂಕಿರೇಖೆ. ಕಾಳ್ಗಿಚ್ಚು ಮುಂದೆ ಹೋಗದಂತೆ ಅರಣ್ಯ ಇಲಾಖೆಯವರು ಬೇಸಿಗೆಗೆ ಮುಂಚೆ ಕಡಿಯುವ ಪಟ್ಟಿ. ಇಲಾಖೆಯಲ್ಲಿ ಎಲ್ಲರೂ ಅದನ್ನು ಹಗ್ಗ ಹಿಡಿದ ಹಾಗೆ ನೇರ ಕಡಿಯುತ್ತಿದ್ದರು. ಗೂಡು ಕಂಡರೆ ರೇಖೆಯನ್ನೇ ಬಗ್ಗಿಸುವ ಹುಚ್ಚು ಇದ್ದದ್ದು ಒಬ್ಬ ಗಾರ್ಡಿಗೆ ಮಾತ್ರ. ಅದಕ್ಕಾಗಿ ಮೇಲಧಿಕಾರಿಗಳಿಂದ ಸಾಕಷ್ಟು ಬೈಸಿಕೊಂಡೂ ಇದ್ದರು. ಅವರು ಅವಳ ಸೋದರಮಾವ. ಅಮ್ಮ ಸತ್ತ ಮೇಲೆ ಅವಳನ್ನು ಸಾಕಿದವರು. ರಜೆಯಲ್ಲಿ ನೀರಿನ ಕ್ಯಾನು ಹೊತ್ತು ಅವಳು ಅವರ ಹಿಂದೆ ಇದೇ ಜೌಗು ಸುತ್ತಿದ್ದಳು. "ಬೆಂಕಿ ಹಚ್ಚೋಕೆ ಕಡ್ಡಿ ಸಾಕು ಪುಟ್ಟಿ, ನಿಲ್ಲು ಅನ್ನೋಕೆ ಬೆನ್ನು ಮುರೀಬೇಕು" ಎನ್ನುತ್ತಿದ್ದರು.

"ಬರ್ಕೊಳ್ಳಿ," ಎಂದಳು.

"ಹುಲ್ಲು ಕಿತ್ತದ್ದನ್ನೂನಾ?"

"ಅದನ್ನೂ. ಗೂಡನ್ನೂ."

ಕಂಡದ್ದನ್ನೆಲ್ಲ ಬರೆಸಿದಳು, ಗೊತ್ತಿದ್ದದ್ದನ್ನು ನುಂಗಿಕೊಂಡಳು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರನ್ನು ಕರೆಸಿದಳು.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ಮನೇಲಿ. ಬೆಳಗಿನ ಕ್ಲಾಸು ಮುಗಿಸಿ ಬಂದು ಮಲಗಿದ್ದೆ."

"ನೋಡಿದವರು?"

"ಒಬ್ಬನೇ ಇರೋನು, ನಿದ್ದೆಗೆ ಸಾಕ್ಷಿ ಎಲ್ಲಿಂದ ತರ್ಲಿ?"

"ಕೈ ತೋರಿಸಿ."

ಆ ಹುಲ್ಲಿನ ಅಂಚು ಬ್ಲೇಡಿನಂಥದು. ಕಿತ್ತವನ ಅಂಗೈ ಸೀಳದೆ ಬಿಡುವುದಿಲ್ಲ. ಮೇಷ್ಟ್ರ ಅಂಗೈಯಲ್ಲಿ ಸೀಮೆಸುಣ್ಣದ ಪುಡಿ ಬಿಟ್ಟು ಏನೂ ಇರಲಿಲ್ಲ.

"ನೆಲದ ಮೇಲೆ ಗೂಡು ಕಟ್ಟೋ ಹಕ್ಕಿ ಯಾವುದು, ಗೊತ್ತಾ?"

"ನಾನು ಗಣಿತದವನಮ್ಮ. ಹಕ್ಕಿ ವಿಷಯ ನಿಮ್ಮ ಮಾವನ್ನೇ ಕೇಳ್ಬೇಕು."

ಮಧ್ಯಾಹ್ನ ಡಿವೈಎಸ್‌ಪಿ ಫೋನ್ ಮಾಡಿದರು. "ಸಂಜೆಯೊಳಗೆ ಮೇಷ್ಟ್ರ ಬಂಧನ ಆಗ್ಬೇಕು. ಮೇಲಿಂದ ಒತ್ತಡ ಇದೆ. ಆ ಕಾವಲುಗಾರ ಸತ್ರೆ ಕೊಲೆ ಕೇಸು, ನೆನಪಿರಲಿ."

ಫೋನ್ ಇಟ್ಟು ಬಾಗಿಲು ಹಾಕಿಕೊಂಡು ಕೂತಳು. ಬಾಯಿ ಮುಚ್ಚಿಕೊಂಡಿದ್ದರೆ ಮಾವ ಉಳಿಯುತ್ತಾರೆ, ಏನೂ ಮಾಡದ ಮೇಷ್ಟ್ರು ಒಳಗೆ ಹೋಗುತ್ತಾರೆ. ಬಾಯಿ ಬಿಟ್ಟರೆ, ತನಗೆ ಕೈತುತ್ತು ಹಾಕಿದ ಕೈಗೆ ತಾನೇ ಬೇಡಿ ಹಾಕಿಸಿದಂತೆ. ಆ ಕೋಣೆಯಲ್ಲಿ ಅವಳು ಹೆದರಿದಷ್ಟು ಯಾವ ಕಳ್ಳನೂ ಹೆದರಿರಲಿಕ್ಕಿಲ್ಲ. ಕೊನೆಗೆ ತಾನೇ ಫೋನ್ ಮಾಡಿದಳು.

"ಸರ್, ಈ ಕೇಸು ನನ್ನ ಕೈಯಿಂದ ತೆಗೀರಿ. ಮೇಷ್ಟ್ರಲ್ಲ. ನನ್ನ ಸೋದರಮಾವ ಅನ್ನೋ ಅನುಮಾನ ಇದೆ."

"ಆಧಾರ?"

"ಹುಲ್ಲು ಕಿತ್ತ ಪಟ್ಟಿ. ಪಂಚನಾಮೆಯಲ್ಲಿದೆ ಸರ್. ಹಾಗೆ ಬಗ್ಗಿಸೋರು ಅವರೊಬ್ಬರೇ. ಅಂಗೈ ನೋಡಿದ್ರೆ ಗೊತ್ತಾಗುತ್ತೆ."

"ಸಬ್ ಇನ್‌ಸ್ಪೆಕ್ಟರ್ ನೋಡ್ಕೊಳ್ಳಲಿ. ನೀವು ಏನೂ ಕೇಳ್ಬೇಡಿ."

ಸಬ್ ಇನ್‌ಸ್ಪೆಕ್ಟರ್ ಜೊತೆಗೆ ಅವಳೂ ಹೋದಳು. ಮಾವನ ಮನೆಗೆ ಬೀಗ ಹಾಕಿತ್ತು. ನೆರೆಯವರು ಆಸ್ಪತ್ರೆಯ ದಾರಿ ತೋರಿಸಿದರು. ಸುಟ್ಟಗಾಯದ ವಾರ್ಡಿನ ಹೊರಗೆ, ಬೆಂಚಿನ ಮೇಲೆ, ಕಾವಲುಗಾರನ ಹೆಂಡತಿಯ ಪಕ್ಕದಲ್ಲಿ ಮಾವ ಕೂತಿದ್ದರು. ಇಬ್ಬರ ನಡುವೆ ತೆರೆಯದ ಊಟದ ಡಬ್ಬಿ.

"ಈ ಅಣ್ಣ ಯಾರು ಅಂತಲೇ ಗೊತ್ತಿಲ್ಲ," ಹೆಂಗಸು ಸಬ್ ಇನ್‌ಸ್ಪೆಕ್ಟರಿಗೆ ಹೇಳಿದಳು. "ನಿನ್ನೆ ಸಂಜೆ ದೇವರು ಬಂದ ಹಾಗೆ ಬಂದ್ರು. ಔಷಧಿ ತಂದುಕೊಟ್ರು. ಮನೆಗೂ ಹೋಗಿಲ್ಲ."

ಸಬ್ ಇನ್‌ಸ್ಪೆಕ್ಟರ್ ಕೆಮ್ಮಿದರು. "ಯಜಮಾನ್ರೇ, ಕೈ ತೋರಿಸಿ."

ಮಾವ ಎರಡೂ ಅಂಗೈ ಬಿಚ್ಚಿದರು. ತುಂಬ ಸೀಳುಗಾಯ.

"ನಾನೇ ಹಚ್ಚಿದ್ದು."

"ಯಾಕೆ?"

"ಇಲಾಖೆ ಲೆಕ್ಕದಲ್ಲಿ ಮುಂದಿನ ತಿಂಗಳಿಂದ ಹಕ್ಕಿಗಳು ಗೂಡು ಕಟ್ಟೋ ಕಾಲ. ಆಗ ಯಂತ್ರ ಒಳಗೆ ಬಿಡೋ ಹಾಗಿಲ್ಲ, ಕಾನೂನಿದೆ. ಅಲ್ಲೀತನಕ ತಡೆದ್ರೆ ಸಮಿತಿಯವರು ಕೋರ್ಟಿಗೆ ಹೋಗ್ಬಹುದು ಅಂದ್ಕೊಂಡೆ."

"ಸಭೇಲಿ ಹೇಳ್ಬಹುದಿತ್ತು."

"ಹೇಳೋಕೆ ಎದ್ದೆ. ಮೂವತ್ತು ವರ್ಷ ಕಾದ ಜಾಗ. ಎರಡು ನಿಮಿಷಕ್ಕೆ ಮೈಕು ಆರಿಸಿದ್ರು."

"ಶೆಡ್ಡಿನೊಳಗೆ ಮನುಷ್ಯ ಇದ್ದದ್ದು?"

"ಇರ್ಲಿಲ್ಲ ಅಂದ್ಕೊಂಡೆ. ಟೋಪಿ ಹಾಕ್ಕೊಂಡು ಸೈಕಲ್ ಮೇಲೆ ಊಟಕ್ಕೆ ಹೋದ. ಕಣ್ಣಾರೆ ನೋಡ್ದೆ."

"ಅದು ನಮ್ಮನೆಯವರ ತಮ್ಮ," ಹೆಂಗಸು ಮೆಲ್ಲಗೆ ಅಂದಳು. "ಇವರಿಗೆ ಜ್ವರ ಅಂತ ಶೆಡ್ಡಿಗೇ ಊಟ ಕೊಟ್ಟು ಬಂದ. ಬಿಸಿಲಿಗೆ ಇವರ ಟೋಪಿ ಹಾಕ್ಕೊಂಡ." ಅಷ್ಟು ಹೇಳಿ ಮಾವನ ಮುಖವನ್ನೇ ನೋಡಿದಳು. ಡಬ್ಬಿಯನ್ನು ಎತ್ತಿ ನೆಲದ ಮೇಲಿಟ್ಟು, ಬೆಂಚಿನ ಆ ತುದಿಗೆ ಸರಿದಳು.

ಏನೂ ಕೇಳಬಾರದೆಂದಿದ್ದ ಇನ್‌ಸ್ಪೆಕ್ಟರಿಗೆ ತಡೆಯಲಾಗಲಿಲ್ಲ. "ಬಾಗಿಲು ತೆಗೆದು ನೋಡಲಿಲ್ವಾ ಮಾವ?"

"ಹುಲ್ಲೆಲ್ಲ ನೋಡ್ದೆ ಪುಟ್ಟಿ. ಒಂದೊಂದೇ ಬುಡ ಬಿಡಿಸಿ ನೋಡ್ದೆ." ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ಬಾಗಿಲು ತೆಗೀಲಿಲ್ಲ."

ಸಂಜೆ ಐದೂವರೆಗೆ ಬಂಧನ ಆಯಿತು. ಸಬ್ ಇನ್‌ಸ್ಪೆಕ್ಟರ್ ಗೋಡೆಗೆ ಹಾಳೆ ಒತ್ತಿಕೊಂಡು ಬರೆದರು. ಕೊನೆಗೆ, ನಿಯಮದ ಪ್ರಕಾರ, "ಬಂಧನದ ಸುದ್ದಿ ಯಾರಿಗೆ ತಿಳಿಸ್ಬೇಕು?" ಎಂದರು.

"ಇವಳನ್ನ ಬಿಟ್ರೆ ನಂಗೆ ಯಾರಿದ್ದಾರೆ?"

ಅವಳು ಸಂಬಂಧಿಯ ಜಾಗದಲ್ಲಿ ಸಹಿ ಮಾಡಿದಳು. ಮಾವನನ್ನು ಮೆಟ್ಟಿಲಿಳಿಸಿ ಕರೆದೊಯ್ದರು. ಜೀಪು ಹೊರಟ ಸದ್ದು ಕೇಳಿತು. ವಾರ್ಡಿನ ಬಾಗಿಲು ಇನ್ನೂ ಮುಚ್ಚಿತ್ತು, ಡಾಕ್ಟರು ಹೊರಗೆ ಬಂದಿರಲಿಲ್ಲ. ಬೆಂಚಿನ ಮೇಲೆ ಮಾವ ಕೂತಿದ್ದ ಜಾಗದಲ್ಲಿ ಅವಳು ಕೂತಳು.

ಬಹಳ ಹೊತ್ತಿನ ಮೇಲೆ ಹೆಂಗಸು ತಿರುಗಿ ನೋಡಿದಳು. "ಹಿಡಿದಾಯ್ತಲ್ಲ ಮೇಡಂ. ಇನ್ನೂ ಯಾಕೆ ಕೂತಿದ್ದೀರಿ?"

ಅವಳು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನಾನು ಅವರ ಅಕ್ಕನ ಮಗಳು," ಎಂದಳು.