ದೊರೆಯ ಮೇಲೆ ಕೂರಿಸಿದ ಗೂಬೆ

ಒದ್ದೆ ಬೆಡ್‌ಶೀಟಿನ ಒಂದು ತುದಿ ಹಗ್ಗದ ಮೇಲೆ, ಇನ್ನೊಂದು ತುದಿ ಅವಳ ಹೆಗಲ ಮೇಲೆ. ಕೈಯಲ್ಲಿದ್ದ ಕ್ಲಿಪ್ಪು ಜಾರಿ ಬಿತ್ತು. ಅವಳು ಬಗ್ಗುವ ಮೊದಲೇ ದೊರೆ ಅದನ್ನು ಬಾಯಲ್ಲಿ ಹಿಡಿದು ಎದುರು ನಿಂತಿದ್ದ.

ದೊರೆ, ಬಿದ್ದದ್ದನ್ನು ಎತ್ತಿ ತರುವ ರಿಟ್ರೀವರ್ ಜಾತಿಯ ನಾಯಿ. ಹೊಂಬಣ್ಣದ ಮೈ, ಮನೆ ತುಂಬ ಉದುರುವ ಕೂದಲು. ಅಂಗೈ ಚಾಚುವವರೆಗೂ ಕಾಯುವುದು ಅವನ ಪದ್ಧತಿ. ಚಾಚದಿದ್ದರೆ ಕಾಲ ಬಳಿ ಇಟ್ಟು ಮುಖ ನೋಡುತ್ತಾನೆ. ಬಂದು ಇನ್ನೂ ತಿಂಗಳಾಗಿಲ್ಲ. ಕಾಲುಚೀಲ, ಚಮಚ, ಪೆನ್ನಿನ ಮುಚ್ಚಳ—ಈ ಮನೆಯಲ್ಲಿ ಬಿದ್ದದ್ದೆಲ್ಲ ಈಗ ಯಾರದಾದರೂ ಕೈ ಸೇರಿಯೇ ತೀರುತ್ತದೆ.

"ನಿನ್ನ ಹಾಗೆ ಇನ್ನೊಬ್ರು ಈ ಮನೇಲಿ ಕೈ ಜೋಡಿಸಿದ್ರೆ, ನಾನು ಒಂದು ದಿನವಾದ್ರೂ ಬಿಸಿ ಕಾಫಿ ಕುಡೀತಿದ್ದೆ ಕಣೋ," ಎಂದಳು ಅವಳು.

ಒಳಗಿನಿಂದ ಗಂಡನ ಕೂಗು ಕೇಳಿತು—

"ಬಾ, ನೋಡು ಬಾ, ನಿನ್ನ ದೊರೆಯ ದರ್ಬಾರು!"

ಶೀಟನ್ನು ಬಕೆಟ್ಟಿಗೆ ಹಾಕಿ ಓಡಿದಳು, ಹಿಂದೆಯೇ ದೊರೆ. ನಡುಮನೆಯ ಮೂಲೆಯಲ್ಲಿ ದೊರೆಯ ಹಾಸಿಗೆ ಮಗುಚಿ ಬಿದ್ದಿತ್ತು. ಗಂಡನ ಅಂಗೈಯಲ್ಲಿ ಮಾವನವರ ಕಿವಿಯ ಮಿಷನ್ನು. ಮಿಷನ್ನು ಎನ್ನುವುದಕ್ಕೆ ಏನು ಉಳಿದಿತ್ತು? ಒತ್ತಿ ಚಪ್ಪಟೆಯಾಗಿದೆ, ತುದಿ ಮುರಿದಿದೆ, ಕೂದಲೆಳೆಯಂಥ ತಂತಿ ಹೊರಗೆ ಬಂದಿದೆ.

"ಎಲ್ಲಿತ್ತು?"

"ಅದರ ಹಾಸಿಗೆ ಕೆಳಗೆ! ಅಗಿದು ಹಾಕಿ ಬಚ್ಚಿಟ್ಟಿದೆ!"

"ನಾನು ಮೊದಲೇ ಬಡ್ಕೊಂಡೆ ಅತ್ತಿಗೆ, ನಾಯಿ ಬೇಡ ಅಂತ," ಎಂದಳು ನಾದಿನಿ. ರಜೆಗೆಂದು ಅಣ್ಣನ ಮನೆಗೆ ಬಂದವಳು, ಆ ಹೊತ್ತಿಗೂ ಸೋಫಾದ ಮೇಲೆ ಹತ್ತಿ ನಿಂತಿದ್ದಳು.

"ಕೊಟ್ಟವರಿಗೆ ಫೋನ್ ಮಾಡಾಯ್ತು," ಎಂದ ಗಂಡ. "ಒಗ್ಗದಿದ್ರೆ ವಾಪಸ್ ಕೊಡಿ ಅಂದಿದ್ರಲ್ಲ? ಮಧ್ಯಾಹ್ನ ಬಂದು ಕರ್ಕೊಂಡು ಹೋಗ್ತಾರೆ. ತಪ್ಪು ಮಾಡಿದೋರಿಗೆ ಈ ಮನೇಲಿ ಜಾಗ ಇಲ್ಲ!"

ಅವಳ ಮೈಯೆಲ್ಲ ಉರಿಯಿತು. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ—ನೇರವಾಗಿ ಗಡೀಪಾರು! ದೊರೆಯೋ, ಇನ್ನೂ ಬಾಯಲ್ಲಿ ಕ್ಲಿಪ್ಪು ಹಿಡಿದು, ಯಾರಾದರೂ ಕೈ ಚಾಚಿಯಾರೇ ಎಂದು ಒಬ್ಬೊಬ್ಬರ ಮುಖ ನೋಡುತ್ತಿದ್ದ. ಮಗಳು ಪುಟ್ಟಿ ಅವನ ಕತ್ತು ತಬ್ಬಿ ಕೂತಿದ್ದಳು.

"ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆ. ಅಲ್ಲೀತನಕ ನಾನು ಕೇಳೋದಕ್ಕೆ ಎಲ್ಲರೂ ಉತ್ತರ ಕೊಡಿ," ಎಂದಳು ಅವಳು. "ಮಾವ, ಮಿಷನ್ ಎಲ್ಲಿಟ್ಟಿದ್ರಿ?"

"ಏನಮ್ಮಾ?"

"ಮಿಷನ್! ಎಲ್ಲಿ! ಇಟ್ಟಿದ್ರಿ!"

ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು.

"ಕುರ್ಚಿ ಕೈ ಮೇಲಮ್ಮ. ಪೇಪರ್ ಓದೋವಾಗ ಕಿವೀಲಿ ಗುಂಯ್ ಅನ್ನುತ್ತೆ, ತೆಗೆದಿಟ್ಟಿದ್ದೆ. ಸ್ನಾನ ಮಾಡಿ ಬರೋಷ್ಟರಲ್ಲಿ ಮಾಯ! ಕಾಣಿಸ್ತಿಲ್ಲ ಅಂದ ಕೂಡ್ಲೇ ಇವನು ಸೀದಾ ಹೋಗಿ ಆ ಹಾಸಿಗೆ ಎತ್ತಿದ."

ಕುರ್ಚಿಯ ಕೈ ಜಾರುವಂಥದ್ದು. ಬಿದ್ದಿರಬೇಕು. ಬಿದ್ದದ್ದನ್ನು ದೊರೆ ಎತ್ತಿರಬೇಕು. ಅಲ್ಲಿಯವರೆಗೆ ಒಪ್ಪಬಹುದು. ಆಮೇಲೆ?

"ನೀನು ಆ ಹಾಸಿಗೆ ಹತ್ರ ಹೋಗಿದ್ಯೇನೇ?"

"ನಾನಾ?" ನಾದಿನಿ ಕಣ್ಣರಳಿಸಿದಳು. "ಅದು ಬಾಲ ಅಲ್ಲಾಡಿಸಿದ್ರೇ ನನಗೆ ಜೀವ ಬಾಯಿಗೆ ಬರುತ್ತೆ!"

"ಪುಟ್ಟಿ, ನೀನೇನಾದ್ರೂ ನೋಡಿದ್ಯಾ ಕಂದ?"

ಪುಟ್ಟಿಯ ಬಾಯಿ ತೆರೆಯಿತು. ಕಣ್ಣು ಅಪ್ಪನ ಕಡೆ ಹೋಯಿತು. ಬಾಯಿ ಮುಚ್ಚಿತು.

ಅವಳು ಮಗಳನ್ನು ಒತ್ತಾಯಿಸಲಿಲ್ಲ. ಪೊರಕೆ ಎತ್ತಿಕೊಂಡಳು.

"ಕಸ ಗುಡಿಸೋ ಹೊತ್ತಾ ಇದು?" ಗಂಡ ಸಿಡುಕಿದ.

"ಇದೇ ಹೊತ್ತು."

ಅವಳು ಹೊಕ್ಕಿದ್ದು ಗಂಡ ಮನೆಯಿಂದಲೇ ಆಫೀಸು ಕೆಲಸ ಮಾಡುವ ಕೋಣೆಗೆ. ಚಕ್ರದ ಕುರ್ಚಿಯನ್ನು ಅವಳು ತಲೆಕೆಳಗು ಮಾಡಿದಳು. ಚಕ್ರಗಳಿಗೆ ದೊರೆಯ ಕೂದಲು ಸುತ್ತಿಕೊಳ್ಳುತ್ತದೆಂದು ಗಂಡನ ನಿತ್ಯದ ಗೊಣಗಾಟ. ಹಳೆಯ ಬಾಚಣಿಗೆಯಿಂದ ಬಿಡಿಸುವುದು ಅವಳ ನಿತ್ಯದ ಕೆಲಸ. ಒಂದು ಚಕ್ರ, ಎರಡನೆಯದು, ಮೂರನೆಯದು—

ಹೊಂಬಣ್ಣದ ಸಿಕ್ಕಿನೊಳಗೆ ಚರ್ಮದ ಬಣ್ಣದ ಒಂದು ಪ್ಲಾಸ್ಟಿಕ್ ಚೂರು!

ಅದನ್ನು ತಂದು ಮಿಷನ್ನಿನ ಮುರಿದ ತುದಿಗೆ ಹಿಡಿದಳು. ಬೀಗಕ್ಕೆ ಬೀಗದಕೈ ಕೂತ ಹಾಗೆ ಕೂತಿತು.

"ರೀ, ಆಗಿನಿಂದ ನೀವು ಹಾಸಿಗೆ ಕೆಳಗೆ ಸಿಕ್ತು, ಹಾಸಿಗೆ ಕೆಳಗೆ ಸಿಕ್ತು ಅಂತಾನೇ ಹೇಳ್ತಿದೀರ. ದೊರೆ ತಪ್ಪು ಮಾಡಿಲ್ಲ ಅನ್ನೋದಕ್ಕೆ ಆ ಜಾಗವೇ ಸಾಕ್ಷಿ."

"ಅದು ಹೇಗೆ?"

"ಅವನು ಬಂದಾಗಿನಿಂದ ಒಂದೇ ಒಂದು ವಸ್ತು ಬಚ್ಚಿಟ್ಟಿದ್ದಾನಾ? ಎತ್ತೋದು, ಹಲ್ಲು ನಾಟದ ಹಾಗೆ ತರೋದು, ಕೈಗೆ ಕೊಡೋದು—ಅವನ ಹುಟ್ಟುಗುಣವೇ ಅದು. ಮೊನ್ನೆ ಬುಟ್ಟಿಯಿಂದ ಮೊಟ್ಟೆ ಎತ್ಕೊಂಡು ಬಂದು ನನ್ನ ಕೈಗಿಟ್ಟ. ಒಂದು ಬಿರುಕಿಲ್ಲ! ಅಂಥವನು ಮಿಷನ್ ಅಗಿದು, ಹಾಸಿಗೆ ಎತ್ತಿ, ಕೆಳಗಿಟ್ಟು, ಮತ್ತೆ ನೀಟಾಗಿ ಹಾಸ್ತಾನಾ? ಅದಕ್ಕೆ ಕೈ ಬೇಕು ರೀ. ಮಾವನಿಗೆ ಮೊಣಕಾಲು ಬಗ್ಗಲ್ಲ. ನಿಮ್ಮ ತಂಗಿ ಸೋಫಾ ಬಿಟ್ಟು ಇಳಿಯಲ್ಲ. ಕಳೆದದ್ದನ್ನ ಹುಡುಕೋರು ಮೊದಲು ಮೇಜು ನೋಡ್ತಾರೆ, ಜೇಬು ತಡಕ್ತಾರೆ. ನೀವು ಮಾತ್ರ ಸೀದಾ ಹೋಗಿ ಹಾಸಿಗೆ ಎತ್ತಿದ್ರಿ. ಯಾಕೆ? ಇಟ್ಟ ಕೈಗೆ ಜಾಗ ಗೊತ್ತಿತ್ತು!"

ಗಂಡನ ಮುಖ ಕೆಂಪಾಯಿತು, ಆಮೇಲೆ ಸಪ್ಪಗಾಯಿತು.

"ಫೋನ್‌ನಲ್ಲಿದ್ದೆ ಕಣೇ. ಅದು ಬಂದು ಪಕ್ಕದಲ್ಲಿ ನಿಂತಿತ್ತು. ಬಾಯಲ್ಲಿ ಏನಿದೆ ಅಂತ ನೋಡ್ಲೇ ಇಲ್ಲ. ಕುರ್ಚಿ ಹಿಂದಕ್ಕೆ ತಳ್ಳಿದೆ... ಕಟಕ್ ಅಂತು."

"ಅಂದ್ರೆ ತಂದುಕೊಟ್ಟ. ನೀವು ಕೈ ಚಾಚಲಿಲ್ಲ. ಕಾಲ ಬಳಿ ಇಟ್ಟ. ಮುರಿದವರು ನೀವು. ಆಗಲೇ ಹೇಳೋಕೇನಾಗಿತ್ತು?"

"ಅಪ್ಪ ಏನಂತಾರೋ ಅಂತ..."

"ಅಪ್ಪ ಬೈತಾರೆ ಅಂತ ಬಾಯಿಲ್ಲದ ಜೀವದ ಮೇಲೆ ಗೂಬೆ ಕೂರಿಸಿದ್ರಾ?" ಅವಳು ಮುರಿದ ಚೂರನ್ನು ಅವನ ಅಂಗೈಗೆ ಇಟ್ಟಳು. "ಮನೆಯಿಂದಾನೇ ಓಡಿಸೋಕೆ ಹೊರಟ್ರಾ? ನಾಚಿಕೆ ಆಗಲ್ವಾ ರೀ?"

"ಏನಂತೆ? ಯಾರಂತೆ?" ಮಾವ ಎಲ್ಲರ ತುಟಿಗಳನ್ನೇ ನೋಡುತ್ತಿದ್ದರು.

ಗಂಡ ಮಗುಚಿದ್ದ ಹಾಸಿಗೆಯನ್ನು ನೆಟ್ಟಗೆ ಮಾಡಿದ.

"ಬರೋದು ಬೇಡ ಅಂತ ಅವರಿಗೆ ಫೋನ್ ಮಾಡ್ತೀನಿ," ಎಂದ ಗಂಡ ತಗ್ಗಿದ ದನಿಯಲ್ಲಿ.

"ಮಾಡಿ. ಯಾಕೆ ಬೇಡ ಅನ್ನೋದನ್ನೂ ಹೇಳಿ. ಆಮೇಲೆ ಮಾವನ ಎದುರು ಕೂತು, ಅವರಿಗೆ ಕೇಳಿಸೋ ಹಾಗೆ ಅದನ್ನೇ ಹೇಳಿ."

ಅವನು ಜೇಬಿಗೆ ಕೈ ಹಾಕುವಾಗ ಕರವಸ್ತ್ರ ನೆಲಕ್ಕೆ ಬಿತ್ತು. ದೊರೆ ಕ್ಲಿಪ್ಪು ಬಿಟ್ಟು ಅದನ್ನೆತ್ತಿ, ಅವನೆದುರು ನಿಂತು ಕಾದ. ಬಾಲ ಅಲ್ಲಾಡುತ್ತಲೇ ಇತ್ತು. ಅವನಿಗೆ ಕೈ ಚಾಚಲಾಗಲಿಲ್ಲ.

ಪುಟ್ಟಿ ಎದ್ದು ಬಂದಳು.

"ಅಪ್ಪಾ, ನೀನು ಹಾಸಿಗೆ ಎತ್ತಿ ಇಟ್ಟಿದ್ದನ್ನ ನಾನು ಬಾಗಿಲ ಸಂದೀಲಿ ನೋಡಿದ್ದೆ. ಇನ್ಮೇಲೆ ನಾನು ಏನಾದ್ರೂ ಒಡೆದಾಗ... ನಾನೂ ದೊರೆ ಹಾಸಿಗೆ ಕೆಳಗೇ ಇಡ್ಲಾ?"