ಬಿಟ್ಟ ಸ್ಥಳ

“ಈ ಹಾಡು ಯಾರದ್ದು?”

ಗದ್ದೆಯ ಬದುವಿನಿಂದ ಬಂದ ಪ್ರಶ್ನೆಗೆ, ಭತ್ತದ ನೇಜಿ ನೆಡುತ್ತಿದ್ದ ಸಲೋಮಿಯ ಕೈ ಕೆಸರಿನಲ್ಲೇ ನಿಂತಿತು. ಸೈಕಲ್ ಹಿಡಿದು ನಿಂತಿದ್ದವರು ಎಲೀಷ ಮಾಸ್ತರು. 1961ರ ಆ ಜೂನ್‌ನಲ್ಲಷ್ಟೇ ಬಂಟ್ವಾಳದ ಕಡೆಯಿಂದ ಬೆಳುವಾಯಿಯ ಶಾಲೆಗೆ ವರ್ಗವಾಗಿ ಬಂದವರು, ಭಾನುವಾರ ಊರಿನ ಕ್ರೈಸ್ತ ದೇವಾಲಯದಲ್ಲಿ ಹಾರ್ಮೋನಿಯಂ ನುಡಿಸುವವರು.

“ಹಳೆಯದು ಮಾಸ್ಟ್ರೇ. ಅಜ್ಜಿಯ ಕಾಲದ್ದು,” ಎಂದಳು, ತಲೆ ಎತ್ತದೆ.

“ಅಜ್ಜಿಯ ಕಾಲದ ನೇಜಿ ಹಾಡಿನಲ್ಲಿ ಬೈಬಲಿನ ರೂತಳು ಎಂತ ಮಾಡುತ್ತಾಳೆ?”

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ನೆರೆಮನೆಯ ಸೇಸಮ್ಮ ಗುಟ್ಟು ಬಿಟ್ಟುಕೊಟ್ಟೇಬಿಟ್ಟಳು. “ರಾಗ ನಮ್ಮ ಗದ್ದೆಯದ್ದು ಮಾಸ್ಟ್ರೇ. ಮಾತು ಇವಳದ್ದೇ.”

ಸಲೋಮಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಲವತ್ತೆಂಟು ವರ್ಷದ ವಿಧವೆಗೆ ಹಾಡು ಕಟ್ಟುವ ಹುಚ್ಚು... ಕೇಳಿದವರು ಏನೆಂದಾರು?

ಆ ಹುಚ್ಚಿಗೆ ಕಾರಣ ಪಾದ್ರಿಯವರು. ಗಂಡ ತೀರಿದ ಮೇಲೆ ಹದಿನಾಲ್ಕು ವರ್ಷ ಅವಳು ದೇವಾಲಯದಲ್ಲೂ ತುಟಿ ಮಾತ್ರ ಅಲ್ಲಾಡಿಸಿದವಳು. ಹೋದ ಭಾನುವಾರ ಪಾದ್ರಿಯವರು ರೂತಳ ಕಥೆ ಓದಿದರು. ಗಂಡ ಸತ್ತು, ಪರರ ಹೊಲದಲ್ಲಿ ಕೊಯ್ಲಿನವರು ಬಿಟ್ಟ ಹಕ್ಕಲು ತೆನೆ ಆಯ್ದು ಬದುಕಿದ ಹೆಣ್ಣು. ಮರುದಿನ ಸೇಸಮ್ಮ ಎತ್ತಿದ ರಾಗಕ್ಕೆ ಸಲೋಮಿಯ ಬಾಯಿಂದ ಆ ರೂತಳೇ ಎದ್ದು ಬಂದಳು.

‘ದೇವರೇ, ಇದು ನನ್ನ ದನಿಯಾ?’

“ಬರೆದು ಕೊಡಿ ಸಲೋಮಿಯವರೇ,” ಎಂದರು ಮಾಸ್ತರು ಮೆಲ್ಲಗೆ. “ಬೆಳೆ ಹಬ್ಬದ ದಿನ ದೇವಾಲಯದಲ್ಲಿ ಹಾಡುವ.”

ಮುಂದಿನ ಮೂರು ವಾರ ಅವಳು ಈ ಲೋಕದಲ್ಲಿರಲಿಲ್ಲ. ಬಾವಿಯಲ್ಲಿ ಕೊಡ ಮುಳುಗುವ ಸದ್ದಿನಲ್ಲೂ ತಾಳ, ಒಲೆಯ ಮುಂದೆ ಕುಳಿತರೂ ಪದ. ದಾರಿಯಲ್ಲಿ ಸೈಕಲ್ ಬೆಲ್ ಕೇಳಿದರೆ ಸಾಕು, ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಹಾಡಿಗೂ ಸೆರಗಿಗೂ ಎಂತ ಸಂಬಂಧ ಎಂದು ಅವಳನ್ನು ಕೇಳುವವರು ಯಾರೂ ಇರಲಿಲ್ಲ, ಪುಣ್ಯಕ್ಕೆ.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಸಾಲು ಬರೆದು, ಕೆಳಗೊಂದು ಸಾಲು ಖಾಲಿ ಬಿಟ್ಟು, ಹೀಗೆ ಹನ್ನೆರಡು ಸಾಲು ತುಂಬಿಸಿ ಮಾಸ್ತರಿಗೆ ಕೊಟ್ಟಳು.

ಮುಂದಿನ ಭಾನುವಾರ ಹಾಳೆ ತಿರುಗಿ ಬಂತು. ಖಾಲಿ ಇದ್ದಲ್ಲೆಲ್ಲ ಕೆಂಪು ಶಾಯಿ. ‘ಕರುಣಾಸಾಗರ’, ‘ಪರಮಪಾವನ’... ಅವಳ ಬಾಯಲ್ಲಿ ಹೊರಳದ ಮಾತುಗಳು.

“ಅರ್ಧ ಬಿಟ್ಟಿದ್ದಿರಿ,” ಮಾಸ್ತರ ಮುಖದಲ್ಲಿ ಸಂತೋಷವಿತ್ತು. “ಪೂರ್ತಿ ಮಾಡಿದ್ದೇನೆ.”

‘ಅರ್ಧ...’ ಶಾಲೆಯ ಮಕ್ಕಳ ತಪ್ಪು ತಿದ್ದುವ ಶಾಯಿ ಅದು. ಸಲೋಮಿ ಹಾಳೆಯನ್ನು ತಿರುಗಿ ಅವರ ಕೈಗಿಟ್ಟಳು.

“ನನಗೆ ಬರುವುದು ಅಷ್ಟೇ ಮಾಸ್ಟ್ರೇ. ಪೂರ್ತಿ ಬರುವವರು ಹಾಡಲಿ.”

ಅಂದಿನಿಂದ ಅವಳು ಗದ್ದೆಯಲ್ಲೂ ಬಾಯಿ ಬಿಡಲಿಲ್ಲ. ಸೈಕಲ್ ಬೆಲ್ ಕೇಳಿದರೆ ಒಳಗೆ ನಡೆದುಬಿಡುತ್ತಿದ್ದಳು. ಹದಿನಾಲ್ಕು ವರ್ಷದ ಮೇಲೆ ಸಿಕ್ಕಿದ ದನಿ ಮತ್ತೆ ಕಳೆದುಹೋಗಿತ್ತು. ಅದರ ಜೊತೆ ಇನ್ನೂ ಏನೋ ಕಳೆದುಹೋದ ಹಾಗೆ ಅವಳಿಗೆ ರಾತ್ರಿ ಅಳು ಬರುತ್ತಿತ್ತು.

ಕೊನೆಗೆ ಮಾಸ್ತರು ಸೇಸಮ್ಮನನ್ನೇ ಹಿಡಿದರು. “ನಾನು ಮಾಡಿದ ತಪ್ಪು ಎಂತದ್ದು?”

“ನಮ್ಮ ಹಾಡಿನಲ್ಲಿ ಸಾಲು ಎತ್ತುವವಳು ಒಬ್ಬಳು ಮಾಸ್ಟ್ರೇ,” ಎಂದಳು ಸೇಸಮ್ಮ. “ಅವಳ ಕೊನೆಯ ಮಾತು ಹಿಡಿದು ತಿರುಗಿ ಹಾಡುವುದು ಉಳಿದವರು. ಆ ಖಾಲಿ ಜಾಗ ನಮಗೆ ಬಿಟ್ಟದ್ದು. ನೀವು ಹೋಗಿ ಅಲ್ಲಿ ಕೂತಿರಿ.”

‘ಬಿಟ್ಟ ಸ್ಥಳ ತುಂಬಿರಿ’ ಎಂದು ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೊಟ್ಟ ಮನುಷ್ಯ! ಬಿಟ್ಟ ಸ್ಥಳ ಕಂಡರೆ ಸುಮ್ಮನಿರುವುದು ಅವರಿಗೆ ಗೊತ್ತೇ ಇರಲಿಲ್ಲ.

ಬೆಳೆ ಹಬ್ಬ ಬಂತು. ವೇದಿಯ ಮುಂದೆ ಹೊಸ ತೆನೆ, ಬಾಳೆಗೊನೆ, ಸೌತೆಕಾಯಿ. ಸಲೋಮಿ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಅವಳ ತೆನೆಯ ಕಟ್ಟು ಹೊತ್ತು ಜೊತೆಗೆ ಬಂದ, ಕ್ರೈಸ್ತಳಲ್ಲದ ಸೇಸಮ್ಮ ಬಾಗಿಲಲ್ಲೇ ನಿಂತಿದ್ದಳು.

ಮಾಸ್ತರು ಹಾರ್ಮೋನಿಯಂ ಮುಚ್ಚಿ ಎದ್ದರು. ಶ್ರುತಿ ತಪ್ಪಿದ ದನಿಯಲ್ಲಿ, ಒಬ್ಬರೇ ಎತ್ತಿಕೊಂಡರು.

“ಹಕ್ಕಲು ಆಯುವ ರೂತಮ್ಮಾ, ನಿನಗೆಂದು ತೆನೆ ಬಿಟ್ಟವರ್ಯಾರು...”

ನಿಲ್ಲಿಸಿದರು. ತುಂಬಲಿಲ್ಲ. ಕಾದರು.

ಜನ ಕೀರ್ತನೆ ಪುಸ್ತಕದ ಪುಟ ಮಗುಚಿ ಹುಡುಕತೊಡಗಿದರು. ಮಾಸ್ತರ ಹಣೆಯಲ್ಲಿ ಬೆವರು. ‘ಅಯ್ಯೋ, ಇಷ್ಟು ಜನರ ಮುಂದೆ...’ ಸಲೋಮಿ ತಲೆ ಎತ್ತಿದಳು.

“ಬಿಟ್ಟವರ್ಯಾರು...” ಬಾಗಿಲಿನಿಂದ ಸೇಸಮ್ಮನ ದನಿ ಬಂತು. ಹೆಂಗಸರ ಸಾಲಿನಲ್ಲಿ ನಾಲ್ಕೈದು ಜನ ಅದನ್ನು ಹಿಡಿದರು.

ಮುಂದಿನ ಸಾಲನ್ನು ಮಾಸ್ತರು ಎತ್ತಲಿಲ್ಲ. ಕೊನೆಯ ಬೆಂಚನ್ನೇ ನೋಡಿದರು.

ಸಲೋಮಿ ಎದ್ದು ನಿಂತಳು, ಕಣ್ಣು ಮುಚ್ಚಿ ಹಾಡಿದಳು. ಉಳಿದ ಹನ್ನೊಂದು ಸಾಲಿಗೂ ಇಡೀ ದೇವಾಲಯ ಅವಳಿಗೆ ದನಿಗೊಟ್ಟಿತು.

ಆರಾಧನೆ ಮುಗಿದು ದಾರಿಗಿಳಿದಾಗ ಹಿಂದೆ ಸೈಕಲ್ ತಳ್ಳಿಕೊಂಡು ಬರುವ ಸದ್ದು. ಈ ಸಲ ಅವಳು ತಪ್ಪಿಸಿಕೊಳ್ಳಲಿಲ್ಲ.

ಮಾಸ್ತರು ಒಂದು ಹಾಳೆ ಚಾಚಿದರು. ನೀಲಿ ಶಾಯಿ, ಒಂದೇ ಸಾಲು.

‘ಇಳಿಹೊತ್ತಿನ ದಾರಿಯಲ್ಲಿ ಒಬ್ಬೊಬ್ಬರೇ ಯಾಕೆ, ಒಟ್ಟಿಗೆ ಹೋಗುವ...’

“ಕೆಳಗಿನ ಸಾಲು?” ಅವಳು ಹಾಳೆ ತಿರುಗಿಸಿ ನೋಡಿದಳು.

“ಬಿಟ್ಟಿದ್ದೇನೆ. ಅದು ನನ್ನದಲ್ಲ.” ಅವರು ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡರು. “ಹೆಂಡತಿ ಹೋಗಿ ಒಂಬತ್ತು ವರ್ಷ ಆಯಿತು ಸಲೋಮಿ. ಆ ದಿನ ಬದುವಿನಲ್ಲಿ ಸೈಕಲ್ ನಿಲ್ಲಿಸಿದವನು ಇನ್ನೂ ಅಲ್ಲೇ ನಿಂತಿದ್ದೇನೆ.”

ಅವಳು ಹಾಳೆಯನ್ನು ಮಡಚಿ ಬೈಬಲಿನೊಳಗೆ ಇಟ್ಟಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

“ನಿಮ್ಮ ರಾಗ ಸರಿ ಇಲ್ಲ ಮಾಸ್ಟ್ರೇ.”

“ಗೊತ್ತುಂಟು. ಕಲಿಸಿದರೆ ಕಲಿಯುತ್ತೇನೆ.”

ಸ್ವಲ್ಪ ದೂರ ಇಬ್ಬರೂ ನಡೆದರು. ಆಮೇಲೆ ಸಲೋಮಿ, ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಕೊನೆಯ ಮಾತು ಹಿಡಿದು ತಿರುಗಿ ಹಾಡಿದಳು.

“ಒಟ್ಟಿಗೆ ಹೋಗುವ...”